ಕಚೇರಿ ನೆಟ್‌ವರ್ಕಿಗೆ ಕೆಎಂಎಸ್ ಕೂರಿಸುವ ಬಗೆ: ಕೀ ಹಾಕುವ ಮೊದಲು ಸಿಸ್ಟಮ್ ಎಣಿಸಿ

ನೆಹರು ಗಂಜಿನ ಅಡತ್ ಅಂಗಡಿಯಿಂದ ಜೇವರ್ಗಿ ರಸ್ತೆಯ ದೊಡ್ಡ ಕಚೇರಿಯವರೆಗೆ, ಕಲಬುರಗಿಯಲ್ಲಿ ಎಲ್ಲಿ ಹೋದರೂ ಒಂದೆರಡು ಸಿಸ್ಟಮ್‌ಗಳ ಬಲ ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರ ಕಾಣುತ್ತದೆ. ಅಂದರೆ ಅದರ ವಿಂಡೋಸ್ ಲೈಸೆನ್ಸ್ ಇನ್ನೂ ಖಾತ್ರಿಯಾಗಿಲ್ಲ. ದಿನಾ ನೋಡಿ ನೋಡಿ ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ಆಡಿಟ್ ಬಂತು ಅಂದಾಗ ಓಡಾಟ ಶುರು. ಆಗ ಯಾರೋ ಒಬ್ಬರು ಪೆನ್‌ಡ್ರೈವ್ ತಂದು ಹತ್ತು ನಿಮಿಷದಲ್ಲಿ ‘ಸರಿ’ ಮಾಡಿ ಹೋಗುತ್ತಾರೆ. ಅವರ ವಿಷಯ ಆಮೇಲೆ ಹೇಳುತ್ತೇನೆ.

ಈ ಬರಹ ವಾಲ್ಯೂಮ್ ಲೈಸೆನ್ಸ್, ಅಂದರೆ ಹಲವು ಸಿಸ್ಟಮ್‌ಗಳಿಗೆ ಒಟ್ಟಾಗಿ ಸಿಗುವ ಲೈಸೆನ್ಸ್, ದುಡ್ಡು ಕೊಟ್ಟು ಕೊಂಡ ಕಚೇರಿಗಳಿಗೆ. ಹತ್ತರಿಂದ ನೂರು ಸಿಸ್ಟಮ್ ಇರುವ, ಒಬ್ಬರೇ ಕಂಪ್ಯೂಟರ್ ನೋಡಿಕೊಳ್ಳುವ ಜಾಗಗಳಿಗೆ. ಮೈಕ್ರೋಸಾಫ್ಟಿನ ಕೆಎಂಎಸ್, ಅಂದರೆ ಕೀ ಮ್ಯಾನೇಜ್‌ಮೆಂಟ್ ಸರ್ವೀಸ್, ಕೂರಿಸುವ ಕೆಲಸ ಅರ್ಧ ಗಂಟೆಯದು. ಅದಕ್ಕೆ ಮುಂಚಿನ ಎಣಿಕೆಗೇ ಜಾಸ್ತಿ ಹೊತ್ತು ಬೇಕು. ಆ ಎಣಿಕೆ ಬಿಟ್ಟವರೇ ಮುಂದೆ ತಿಂಗಳುಗಟ್ಟಲೆ ಒದ್ದಾಡುವುದು.

ನಿಮಗೆ ಕೆಎಂಎಸ್ ಬೇಕಾ?

ಕೆಎಂಎಸ್ ಇರುವ ಕಚೇರಿಯಲ್ಲಿ ಪ್ರತಿ ಸಿಸ್ಟಮ್ಮೂ ಮೈಕ್ರೋಸಾಫ್ಟಿನವರೆಗೆ ಹೋಗುವುದಿಲ್ಲ. ಕಚೇರಿಯ ಒಳಗೇ ಒಂದು ಸರ್ವರ್ ಇರುತ್ತದೆ, ಅದಕ್ಕೆ ಹೋಸ್ಟ್ ಎನ್ನುತ್ತಾರೆ. ಹೋಸ್ಟ್ ಒಮ್ಮೆ ಮೈಕ್ರೋಸಾಫ್ಟಿನಿಂದ ಆಕ್ಟಿವೇಟ್ ಆದರೆ ಸಾಕು. ಉಳಿದವು ಹಾಜರಿ ಪುಸ್ತಕಕ್ಕೆ ಸಹಿ ಹಾಕುವಂತೆ ಹೋಸ್ಟಿನ ಹತ್ತಿರ ಬಂದು ಹೋಗುತ್ತವೆ. ಒಂದು ಸಲ ಸಿಕ್ಕ ಆಕ್ಟಿವೇಶನ್ 180 ದಿನ ನಡೆಯುತ್ತದೆ. ಸಿಸ್ಟಮ್ ಮಾತ್ರ 7 ದಿನಕ್ಕೊಮ್ಮೆ ತಾನೇ ಹೋಗಿ ಅದನ್ನು ಹೊಸದು ಮಾಡಿಕೊಳ್ಳುತ್ತದೆ. ಇನ್ನೂ ಆಕ್ಟಿವೇಟ್ ಆಗದ ಸಿಸ್ಟಮ್ 2 ಗಂಟೆಗೊಮ್ಮೆ ಕೇಳುತ್ತಲೇ ಇರುತ್ತದೆ.

ಇಲ್ಲೊಂದು ಶರತ್ತು ಇದೆ. ಕೇಳಲು ಬಂದವರ ಸಂಖ್ಯೆ ಒಂದು ಮಟ್ಟ ಮುಟ್ಟುವ ತನಕ ಹೋಸ್ಟ್ ಯಾರಿಗೂ ಕೊಡುವುದಿಲ್ಲ. ಡೆಸ್ಕ್‌ಟಾಪ್ ವಿಂಡೋಸ್‌ಗೆ 25, ವಿಂಡೋಸ್ ಸರ್ವರ್‌ಗೆ 5, ಆಫೀಸ್‌ಗೆ 5. ವಿಂಡೋಸ್ ಎಣಿಕೆಯಲ್ಲಿ ಸರ್ವರ್‌ಗಳೂ ಸೇರುತ್ತವೆ, ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಓಡಿಸುವ ವರ್ಚುಯಲ್ ಮಷೀನ್‌ಗಳೂ ಸೇರುತ್ತವೆ.

ಕಲಬುರಗಿಯಲ್ಲಿ ಮುಖ್ಯ ಕಚೇರಿ, ಸೇಡಂ ಮತ್ತು ಆಳಂದದಲ್ಲಿ ಒಂದೊಂದು ಶಾಖೆ ಇರುವ ಸಂಸ್ಥೆ ಅಂದುಕೊಳ್ಳಿ. ಮುಖ್ಯ ಕಚೇರಿಯಲ್ಲಿ 30 ಡೆಸ್ಕ್‌ಟಾಪ್. ‘25ಕ್ಕಿಂತ ಜಾಸ್ತಿ ಇವೆ, ಸಾಕು’ ಅನ್ನಿಸುತ್ತದೆ ಅಲ್ವಾ? ಅಲ್ಲೇ ಎಡವಟ್ಟು. ಆ 30ರಲ್ಲಿ 10 ಸಿಸ್ಟಮ್‌ಗಳು ಅಂಗಡಿಯಿಂದ ಬರುವಾಗಲೇ ವಿಂಡೋಸ್ ಪ್ರೊ ಜೊತೆ ಬಂದಿದ್ದರೆ, ಅವು ತಮ್ಮದೇ ಕೀ ಮೇಲೆ ಓಡುತ್ತಿರುತ್ತವೆ. ಅವು ಹೋಸ್ಟಿನ ಬಾಗಿಲಿಗೆ ಬರುವುದೇ ಇಲ್ಲ. ಹಾಗಾಗಿ ಎಣಿಕೆಗೆ ಸಿಗುವುದು 20 ಮಾತ್ರ. 20ರಲ್ಲಿ ಒಂದಕ್ಕೂ ಆಕ್ಟಿವೇಶನ್ ಸಿಗುವುದಿಲ್ಲ.

ಸಿಸ್ಟಮ್ ಜೊತೆ ಬಂದ ಪ್ರೊ ಕೆಲಸಕ್ಕೆ ಸಾಕಾಗಿದ್ದರೆ ಅದನ್ನು ಮುಟ್ಟಬೇಡಿ. ಅದಕ್ಕೆ ಆಗಲೇ ಲೈಸೆನ್ಸ್ ಇದೆ. ಎಷ್ಟೋ ಕಚೇರಿಗಳಿಗೆ ಬೇಕಾಗಿರುವುದು ಆಫೀಸ್ ಆಕ್ಟಿವೇಶನ್ ಒಂದೇ, ಅದಕ್ಕೆ 5 ಇದ್ದರೆ ಆಯಿತು.

ಬೇರೆ ದಾರಿ ಎರಡಿವೆ. ಒಂದು ಮ್ಯಾಕ್, ಮಲ್ಟಿಪಲ್ ಆಕ್ಟಿವೇಶನ್ ಕೀ. ಪ್ರತಿ ಸಿಸ್ಟಮ್ ಒಮ್ಮೆ ಇಂಟರ್‌ನೆಟ್ಟಿನಲ್ಲೋ ಫೋನಿನಲ್ಲೋ ಆಕ್ಟಿವೇಟ್ ಆದರೆ ಮುಗಿಯಿತು, 180 ದಿನದ ಲೆಕ್ಕವಿಲ್ಲ. ಆದರೆ ಕೀಗೆ ಇಷ್ಟೇ ಸಲ ಎಂಬ ಮಿತಿ ಇದೆ. ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಇನ್ನೊಂದು ಖರ್ಚಾಗುತ್ತದೆ. ಎರಡನೆಯದು ಆಕ್ಟಿವ್ ಡೈರೆಕ್ಟರಿ ಮೂಲಕ ಮಾಡುವುದು. ಕಚೇರಿಯ ಬಳಕೆದಾರರನ್ನೂ ಸಿಸ್ಟಮ್‌ಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವಿಂಡೋಸ್ ಸರ್ವರ್ ಸೌಲಭ್ಯ ಅದು. ಅದರ ಹಿಡಿತದ ಗುಂಪಿಗೆ, ಅಂದರೆ ಡೊಮೇನ್‌ಗೆ, ಸೇರಿದ ಸಿಸ್ಟಮ್ ತಾನಾಗಿ ಆಕ್ಟಿವೇಟ್ ಆಗುತ್ತದೆ, 25ರ ಶರತ್ತೂ ಇಲ್ಲ. ವಿಂಡೋಸ್ 8 ಮತ್ತು ಸರ್ವರ್ 2012ರಿಂದ ಈಚಿನವಕ್ಕೆ ಇದು ನಡೆಯುತ್ತದೆ.

ನನ್ನ ಲೆಕ್ಕ ಹೀಗೆ. ಡೊಮೇನ್ ಇದ್ದು ಎಲ್ಲ ಸಿಸ್ಟಮ್‌ಗಳೂ ಅದರೊಳಗಿದ್ದರೆ ಆಕ್ಟಿವ್ ಡೈರೆಕ್ಟರಿ ದಾರಿಯೇ ಹಗುರ. ವಿಂಡೋಸ್ ಎಣಿಕೆ 25 ಮುಟ್ಟದೆ, ಡೊಮೇನೂ ಇಲ್ಲದಿದ್ದರೆ ಮ್ಯಾಕ್. ಅರ್ಧ ಡೊಮೇನ್, ಅರ್ಧ ವರ್ಕ್‌ಗ್ರೂಪ್ (ಡೊಮೇನ್‌ಗೆ ಸೇರದ ಬಿಡಿ ಸಿಸ್ಟಮ್‌ಗಳು), ನಡುವೆ ಒಂದು ಕಂಪ್ಯೂಟರ್ ಲ್ಯಾಬ್ ಎಂಬ ಚಿತ್ರಾನ್ನ ಇದ್ದರೆ ಕೆಎಂಎಸ್. 24–26ರ ಅಂಚಿನಲ್ಲಿದ್ದರೆ ಕೆಎಂಎಸ್ ಕಡೆ ತಿರುಗಿಯೂ ನೋಡಬೇಡಿ. ಎರಡು ಸಿಸ್ಟಮ್ ಕೆಟ್ಟರೆ ಹೊಸ ಆಕ್ಟಿವೇಶನ್ ಸಿಗುವುದು ನಿಲ್ಲುತ್ತದೆ. ಇನ್ನು ಬಳಕೆದಾರರು ಲಾಗಿನ್ ಆಗಿ ಬಳಸುವ ಮೈಕ್ರೋಸಾಫ್ಟ್ 365 ಇದ್ದರೆ ಈ ಬರಹ ನಿಮಗಲ್ಲ. ಅದು ಕೆಎಂಎಸ್ ಕೇಳುವುದೇ ಇಲ್ಲ.

ಕೀ ಮತ್ತು ಬಿಲ್ಲು

ಇದರಲ್ಲಿ ಎರಡು ತರಹದ ಕೀ ಇವೆ. ಹೋಸ್ಟ್ ಕೀ ಸರ್ವರ್‌ಗೆ ಮಾತ್ರ. ನಿಮ್ಮ ಸಂಸ್ಥೆಯ ಹೆಸರಿನಲ್ಲಿರುವ ಮೈಕ್ರೋಸಾಫ್ಟ್ 365 ಅಡ್ಮಿನ್ ಸೆಂಟರ್ ಖಾತೆಯಲ್ಲಿ, ವಾಲ್ಯೂಮ್ ಲೈಸೆನ್ಸ್ ಭಾಗದಲ್ಲಿ ಅದು ಸಿಗುತ್ತದೆ. ಪಟ್ಟಿಯಲ್ಲಿ ಮ್ಯಾಕ್ ಮಾತ್ರ ಕಂಡರೆ ಹೋಸ್ಟ್ ಕೀ ಬೇಕೆಂದು ಕೇಳಿ ಪಡೆಯಬೇಕು. ಒಂದು ಹೋಸ್ಟ್ ಕೀಯಿಂದ 6 ಹೋಸ್ಟ್‌ಗಳನ್ನು, ಒಂದೊಂದನ್ನು 10 ಸಲದವರೆಗೆ ಆಕ್ಟಿವೇಟ್ ಮಾಡಬಹುದು. ಅದನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಸರ್ವರ್ ಮೇಲೆ ಚೀಟಿ ಅಂಟಿಸಬೇಡಿ.

ಇನ್ನೊಂದು ಕ್ಲೈಂಟ್ ಕೀ, ಹೋಸ್ಟಿನಿಂದ ಆಕ್ಟಿವೇಶನ್ ಪಡೆಯುವ ಸಿಸ್ಟಮ್‌ಗಳಿಗೆ ಹಾಕುವುದು. ಇದು ಗುಟ್ಟಿನದಲ್ಲ. ಮೈಕ್ರೋಸಾಫ್ಟೇ ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದೆ. ವಿಂಡೋಸ್ ಎಂಟರ್‌ಪ್ರೈಸಿಗೆ ಒಂದು, ಪ್ರೊಗೆ ಒಂದು, ಹೀಗೆ. ‘ಕೆಎಂಎಸ್ ಹುಡುಕು’ ಎಂದು ಸಿಸ್ಟಮ್‌ಗೆ ಹೇಳುವುದಷ್ಟೇ ಅದರ ಕೆಲಸ. ಅದನ್ನು ಹಾಕಿದ ಮಾತ್ರಕ್ಕೆ ಲೈಸೆನ್ಸ್ ಬಂತು ಅಂತಲ್ಲ.

ಡೆಸ್ಕ್‌ಟಾಪ್ ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್ ಅಪ್‌ಗ್ರೇಡ್ ಲೈಸೆನ್ಸ್ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಸಿಸ್ಟಮ್ ಮೇಲೆ ಮೊದಲೇ ಪ್ರೊ ದರ್ಜೆಯ ಲೈಸೆನ್ಸ್ ಇರಬೇಕು. ವಿಂಡೋಸ್ ಇಲ್ಲದೆ ಜೋಡಿಸಿ ಕೊಟ್ಟ ಡಬ್ಬಿಗಾಗಲಿ, ಹೋಮ್ ಎಡಿಷನ್ ಬಂದ ಲ್ಯಾಪ್‌ಟಾಪಿಗಾಗಲಿ ಅದು ನೇರ ಸಲ್ಲುವುದಿಲ್ಲ. ತಾಂತ್ರಿಕವಾಗಿ ಆಕ್ಟಿವೇಟ್ ಆಗಬಹುದು, ಆಡಿಟ್‌ನಲ್ಲಿ ನಿಲ್ಲುವುದಿಲ್ಲ.

ಕೊಳ್ಳುವ ಮುಂಚೆ ತಾರೀಖನ್ನೂ ನೋಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಫೀಸ್ 2016 ಮತ್ತು 2019ರದ್ದೂ ಅದೇ ದಿನ ಮುಗಿಯಿತು. ವಾಲ್ಯೂಮ್ ಲೈಸೆನ್ಸಿನ ಆವೃತ್ತಿಯಾದ ಆಫೀಸ್ ಎಲ್‌ಟಿಎಸ್‌ಸಿ 2021ಕ್ಕೆ 2026ರ ಅಕ್ಟೋಬರ್ 13 ಕೊನೆ. ಆಕ್ಟಿವೇಶನ್ ಸರಿಯಾಗಿದ್ದರೂ ಭದ್ರತೆಯ ಅಪ್‌ಡೇಟ್ ಬರದಿದ್ದರೆ ಏನು ಬಂತು?

ಈಗ ಆ ಪೆನ್‌ಡ್ರೈವಿನವರ ವಿಷಯ. ‘ಕೆಎಂಎಸ್ ಆಕ್ಟಿವೇಟರ್’ ಎಂದು ಓಡಾಡುವ ಕ್ರ್ಯಾಕ್‌ಗಳು ಸಿಸ್ಟಮ್ ಒಳಗೇ ಒಂದು ನಕಲಿ ಹೋಸ್ಟ್ ಕೂರಿಸುತ್ತವೆ, ಇಲ್ಲವೇ ಯಾರದೋ ಹೊರಗಿನ ಸರ್ವರ್‌ಗೆ ಜೋಡಿಸುತ್ತವೆ. ಓಡಿಸುವ ಮೊದಲು ಆಂಟಿವೈರಸ್ ಆಫ್ ಮಾಡಿ ಅನ್ನುತ್ತವೆ. ಬ್ಯಾಂಕ್ ಕೆಲಸ, ಜಿಎಸ್‌ಟಿ ರಿಟರ್ನ್, ಸಂಬಳದ ಪಟ್ಟಿ ಇರುವ ಸಿಸ್ಟಮ್‌ನಲ್ಲಿ ಕಾವಲು ತೆಗೆದು ಗುರುತಿಲ್ಲದವರನ್ನು ಒಳಗೆ ಬಿಟ್ಟ ಹಾಗಾಯಿತು. ಕಾನೂನೂ ಮೆತ್ತಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ನಕಲಿ ಎಂದು ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ಮಾರುವ ಕೀಗಳನ್ನೂ ನಂಬಬೇಡಿ. ಎಷ್ಟೋ ಸಲ ಅವು ಬೇರೆ ಯಾವುದೋ ಸಂಸ್ಥೆಯ ಮ್ಯಾಕ್ ಕೀಗಳು. ನಿಮ್ಮ ಸಂಸ್ಥೆಯ ಹೆಸರು, ಜಿಎಸ್‌ಟಿ ನಂಬರ್ ಇರುವ ಬಿಲ್ ಇಲ್ಲದ ಲೈಸೆನ್ಸ್ ಲೈಸೆನ್ಸೇ ಅಲ್ಲ.

ಹೋಸ್ಟ್ ಕೂರಿಸುವುದು

ಬೇರೆ ಸರ್ವರ್ ಕೊಳ್ಳಬೇಕಿಲ್ಲ. ಕೆಎಂಎಸ್ ಕೇಳುವ ಕೆಲಸ ತೀರ ಸಣ್ಣದು, ಒಂದು ಕೋರಿಕೆ ಕೆಲವು ನೂರು ಬೈಟ್ ಅಷ್ಟೇ. ಈಗಿರುವ ಫೈಲ್ ಸರ್ವರ್ ಮೇಲೇ ಕೂರಿಸಬಹುದು. ಅದಕ್ಕೆ ಬದಲಾಗದ ಐಪಿ ವಿಳಾಸ ಇರಲಿ, ಯುಪಿಎಸ್ ಇರಲಿ, ಗಡಿಯಾರ ಸರಿಯಿರಲಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಸರ್ವರನ್ನು ಗಾಳಿಯಾಡದ ಸ್ಟೋರ್ ರೂಮಿನಲ್ಲಿ ಇಡಬೇಡಿ ಅಂತ ಬೇರೆ ಹೇಳಬೇಕಿಲ್ಲ. ವಿಂಡೋಸ್ 10 ಅಥವಾ 11 ಸಿಸ್ಟಮನ್ನೂ ಹೋಸ್ಟ್ ಮಾಡಬಹುದು, ಆದರೆ ಅದು ಸರ್ವರ್ ಆವೃತ್ತಿಗಳನ್ನು ಆಕ್ಟಿವೇಟ್ ಮಾಡುವುದಿಲ್ಲ.

ಸರ್ವರ್ ಮ್ಯಾನೇಜರ್ ತೆರೆಯಿರಿ. ‘ಆ್ಯಡ್ ರೋಲ್ಸ್’ನಲ್ಲಿ ‘ವಾಲ್ಯೂಮ್ ಆಕ್ಟಿವೇಶನ್ ಸರ್ವೀಸಸ್’ ಆರಿಸಿ ಇನ್‌ಸ್ಟಾಲ್ ಮಾಡಿ. ಮುಗಿದ ಮೇಲೆ ಟೂಲ್ಸ್ ಮೆನುವಿನಲ್ಲಿ ‘ವಾಲ್ಯೂಮ್ ಆಕ್ಟಿವೇಶನ್ ಟೂಲ್ಸ್’ ಬರುತ್ತದೆ. ಅಲ್ಲೇ ಆಕ್ಟಿವ್ ಡೈರೆಕ್ಟರಿ ದಾರಿಯೋ ಕೆಎಂಎಸ್ ದಾರಿಯೋ ಎಂದು ಕೇಳುತ್ತದೆ. ಕೆಎಂಎಸ್ ಆರಿಸಿ, ಹೋಸ್ಟ್ ಕೀ ಹಾಕಿ, ಆನ್‌ಲೈನ್ ಆಕ್ಟಿವೇಟ್ ಮಾಡಿ. ಸರ್ವರ್‌ಗೆ ಇಂಟರ್‌ನೆಟ್ ಕೊಡದ ಕಚೇರಿಯಾದರೆ ಫೋನ್ ಮೂಲಕವೂ ಆಗುತ್ತದೆ.

ಆಮೇಲೆ ಫೈರ್‌ವಾಲ್. ಕೆಎಂಎಸ್ ಮಾತಾಡುವುದು ಟಿಸಿಪಿ 1688ನೇ ಪೋರ್ಟಿನಲ್ಲಿ. ವಿಂಡೋಸ್ ಫೈರ್‌ವಾಲಿನಲ್ಲಿ ‘ಕೀ ಮ್ಯಾನೇಜ್‌ಮೆಂಟ್ ಸರ್ವೀಸ್’ ಎಂಬ ನಿಯಮ ಮೊದಲೇ ಇರುತ್ತದೆ, ಅದನ್ನು ಆನ್ ಮಾಡಿ. ಕಚೇರಿಯ ಒಳಗಿನ ನೆಟ್‌ವರ್ಕಿಗೆ ಮಾತ್ರ. ರೂಟರಿನಲ್ಲಿ 1688 ಹೊರಗೆ ತೆರೆದರೆ ಊರಿನವರೆಲ್ಲ ನಿಮ್ಮ ಹೋಸ್ಟಿನಿಂದ ಆಕ್ಟಿವೇಟ್ ಆಗುತ್ತಾರೆ, ಜವಾಬು ಕೊಡಬೇಕಾದವರು ನೀವು.

ಆಫೀಸ್‌ಗೂ ಇದೇ ಹೋಸ್ಟ್ ಬೇಕಾದರೆ ನಿಮ್ಮ ಆಫೀಸ್ ಆವೃತ್ತಿಯ ವಾಲ್ಯೂಮ್ ಲೈಸೆನ್ಸ್ ಪ್ಯಾಕ್ ಇಳಿಸಿಕೊಂಡು ಇದೇ ಸರ್ವರ್‌ಗೆ ಹಾಕಿ, ಆಫೀಸಿನ ಹೋಸ್ಟ್ ಕೀ ಬೇರೆಯಾಗಿ ಕೊಡಿ. ವಿಂಡೋಸ್ ಕೀ ಹಾಕಿದ್ದರಿಂದ ಆಫೀಸ್ ಆಕ್ಟಿವೇಟ್ ಆಗುವುದಿಲ್ಲ.

ಮುಂದೆ ಬರುವ ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನೀವು ಅಕ್ಷರ ಅಕ್ಷರವಾಗಿ ಇಂಗ್ಲಿಷ್ ಕೀಲಿಗಳಲ್ಲಿ ಒತ್ತಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಲ್‌ಎಂಜಿಆರ್ (ವಿಂಡೋಸ್‌ನ ಲೈಸೆನ್ಸ್ ಕಮಾಂಡ್), ಒಂದು ಜಾಗ ಬಿಟ್ಟು /ಡಿಎಲ್‌ವಿ ಎಂದು ಕೊಡಿ. ಪೆಟ್ಟಿಗೆಯೊಂದು ತೆರೆದು ಹೋಸ್ಟಿನ ಸ್ಥಿತಿ, ಈಗಿನ ಎಣಿಕೆ, ಕೇಳುತ್ತಿರುವ ಪೋರ್ಟ್ ಎಲ್ಲ ತೋರಿಸುತ್ತದೆ. ಹೊಸ ಹೋಸ್ಟಿನಲ್ಲಿ ಎಣಿಕೆ ಸೊನ್ನೆ ಇರುವುದು ಸಹಜ.

ಡಿಎನ್‌ಎಸ್ ದಾಖಲೆ

ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆ. ಸಿಸ್ಟಮ್‌ಗಳು ಹೋಸ್ಟನ್ನು ಹುಡುಕುವುದು ಅದರಲ್ಲಿರುವ ಒಂದು ಎಸ್‌ಆರ್‌ವಿ ದಾಖಲೆಯಿಂದ, ಅಂದರೆ ಯಾವ ಸೇವೆ ಯಾವ ಸರ್ವರಿನಲ್ಲಿದೆ ಎಂದು ಹೇಳುವ ದಾಖಲೆಯಿಂದ. ಅದರ ಹೆಸರು ಅಂಡರ್‌ಸ್ಕೋರ್ ವಿಎಲ್‌ಎಂಸಿಎಸ್, ಡಾಟ್, ಅಂಡರ್‌ಸ್ಕೋರ್ ಟಿಸಿಪಿ. ಹೋಸ್ಟ್ ಡೊಮೇನಿನಲ್ಲಿದ್ದರೆ ಅದು ತಾನೇ ಈ ದಾಖಲೆ ಬರೆದುಕೊಳ್ಳುತ್ತದೆ. ವರ್ಕ್‌ಗ್ರೂಪಿನಲ್ಲಿದ್ದರೆ ಬಹುತೇಕ ಬರೆಯಲು ಅನುಮತಿ ಸಿಗುವುದಿಲ್ಲ. ಡಿಎನ್‌ಎಸ್ ಮ್ಯಾನೇಜರಿನಲ್ಲಿ ನೀವೇ ‘ಸರ್ವೀಸ್ ಲೊಕೇಶನ್’ ದಾಖಲೆ ಸೇರಿಸಿ, ಪೋರ್ಟ್ 1688, ಮುಂದೆ ಹೋಸ್ಟಿನ ಪೂರ್ತಿ ಹೆಸರು.

ಇನ್ನೊಂದು ಸಿಸ್ಟಮ್ ಮೇಲೆ ಕುಳಿತು ಎನ್‌ಎಸ್‌ಲುಕಪ್‌ನಿಂದ ಪರೀಕ್ಷಿಸಿ. ಎನ್‌ಎಸ್‌ಲುಕಪ್, ಜಾಗ, -ಟೈಪ್=ಎಸ್‌ಆರ್‌ವಿ, ಜಾಗ, ಆಮೇಲೆ ಮೇಲಿನ ಹೆಸರು. ಉತ್ತರದಲ್ಲಿ ನಿಮ್ಮ ಹೋಸ್ಟ್ ಬರಬೇಕು.

ಬರದಿದ್ದರೆ ಮೊದಲು ಆ ಸಿಸ್ಟಮ್ಮಿನ ಡಿಎನ್‌ಎಸ್ ವಿಳಾಸ ನೋಡಿ. ಹತ್ತರಲ್ಲಿ ಎಂಟು ಕಡೆ ಅಲ್ಲಿ 8.8.8.8 ಇರುತ್ತದೆ. ‘ನೆಟ್ ಸ್ಲೋ ಇದೆ’ ಅಂದಾಗ ಬಂದ ಯಾರೋ ಅದನ್ನು ಹಾಕಿ ಹೋಗಿರುತ್ತಾರೆ. ಗೂಗಲ್ಲಿನ ಡಿಎನ್‌ಎಸ್‌ಗೆ ನಿಮ್ಮ ಕಚೇರಿಯ ಸರ್ವರ್ ಹೆಸರು ಹೇಗೆ ಗೊತ್ತಾಗಬೇಕು? ಸಿಸ್ಟಮ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಕಚೇರಿಯ ಡಿಎನ್‌ಎಸ್ ಸರ್ವರನ್ನೇ ಕೊಡಿ. ಹೊರಗಿನ ಹೆಸರುಗಳನ್ನು ಅದು ಮುಂದಕ್ಕೆ ಕೇಳಿಕೊಳ್ಳುತ್ತದೆ.

ಸಿಸ್ಟಮ್‌ಗಳ ಸರದಿ

ವಾಲ್ಯೂಮ್ ಮೀಡಿಯಾದಿಂದ (ವಾಲ್ಯೂಮ್ ಲೈಸೆನ್ಸಿನ ಇನ್‌ಸ್ಟಾಲ್ ಕಡತದಿಂದ) ಹಾಕಿದ ವಿಂಡೋಸ್‌ನಲ್ಲಿ ಕ್ಲೈಂಟ್ ಕೀ ಮೊದಲೇ ಇರುತ್ತದೆ. ಏನೂ ಮಾಡಬೇಕಿಲ್ಲ, ಎರಡು ಗಂಟೆ ಕಾದರೆ ಸಾಕು. ಮೊದಲು ಬೇರೆ ಕೀ ಇದ್ದ ಸಿಸ್ಟಮ್ಮಿಗೆ ಎಸ್‌ಎಲ್‌ಎಂಜಿಆರ್ /ಐಪಿಕೆ ಬರೆದು ಮುಂದೆ ಕ್ಲೈಂಟ್ ಕೀ ಕೊಡಿ. ನಂತರ ಎಸ್‌ಎಲ್‌ಎಂಜಿಆರ್ /ಎಟಿಓ. ಕೊನೆಗೆ /ಎಕ್ಸ್‌ಪಿಆರ್ ಕೊಟ್ಟರೆ ಎಲ್ಲಿಯವರೆಗೆ ಆಕ್ಟಿವೇಶನ್ ಇದೆ ಎಂದು ತಾರೀಖು ತೋರಿಸುತ್ತದೆ. ಭದ್ರತೆಗೆಂದು ವಿಬಿಸ್ಕ್ರಿಪ್ಟ್ ಎಂಬ ಸ್ಕ್ರಿಪ್ಟ್ ಭಾಷೆಯನ್ನು ಆಫ್ ಮಾಡಿದ ಸಿಸ್ಟಮ್‌ನಲ್ಲಿ ಈ ಕಮಾಂಡ್‌ಗಳು ಓಡುವುದಿಲ್ಲ.

ಆಫೀಸ್‌ಗೆ ಓಎಸ್‌ಪಿಪಿ ಡಾಟ್ ವಿಬಿಎಸ್ ಎಂಬ ಬೇರೆ ಕಡತ ಇದೆ, ಪ್ರೋಗ್ರಾಮ್ ಫೈಲ್ಸ್ ಒಳಗೆ ಆಫೀಸ್16 ಫೋಲ್ಡರಿನಲ್ಲಿ. ಸಿಸ್ಕ್ರಿಪ್ಟ್ ಮೂಲಕ ಅದನ್ನು /ಆ್ಯಕ್ಟ್ ಎಂದು ಓಡಿಸಿ, /ಡಿಸ್ಟೇಟಸ್ (ಡಿ ಅಕ್ಷರ, ಜಾಗ ಬಿಡದೆ ಸ್ಟೇಟಸ್) ಎಂದು ನೋಡಿ. ಲ್ಯಾಪ್‌ಟಾಪ್ ಜೊತೆ ಬಂದ ಹೋಮ್ ಆ್ಯಂಡ್ ಸ್ಟೂಡೆಂಟ್ ಆಫೀಸ್ ಕೆಎಂಎಸ್‌ಗೆ ಬಗ್ಗುವುದಿಲ್ಲ. ಅದನ್ನು ತೆಗೆದು ವಾಲ್ಯೂಮ್ ಆವೃತ್ತಿ ಹಾಕಬೇಕು. (ಕನ್ನಡ ಟೈಪಿಂಗಿನ ನುಡಿಗೆ ಈ ಯಾವ ತಂಟೆಯೂ ಇಲ್ಲ. ಇಳಿಸಿಕೊಂಡು ಹಾಕಿದರೆ ಆಯಿತು.)

ಮೊದಲ 24 ಸಿಸ್ಟಮ್‌ಗಳಿಗೆ ‘ಎಣಿಕೆ ಸಾಲದು’ ಎಂಬ ತಪ್ಪು ಬರುತ್ತದೆ, ಕೋಡಿನ ಕೊನೆ ಎಫ್038. ಗಾಬರಿ ಬೇಡ. 25ನೆಯದು ಬಂದು ಕೇಳಿದ ಮೇಲೆ ಹಿಂದಿನವೂ ತಮ್ಮ ಮುಂದಿನ ಸರದಿಯಲ್ಲಿ ಆಕ್ಟಿವೇಟ್ ಆಗುತ್ತವೆ. ಹೋಸ್ಟಿನಲ್ಲಿ ಎಣಿಕೆ 50ಕ್ಕೆ ಹೋಗಿ ನಿಂತರೂ ತಪ್ಪೇನಿಲ್ಲ. ಬೇಕಾದ್ದರ ಎರಡು ಪಟ್ಟು ಮಾತ್ರ ಅದು ನೆನಪಿಟ್ಟುಕೊಳ್ಳುತ್ತದೆ.

ಎಣಿಕೆ 1ರಲ್ಲೇ ನಿಂತರೆ

ಇದು ಎಲ್ಲಕ್ಕಿಂತ ತಲೆ ತಿನ್ನುವ ಸಮಸ್ಯೆ. ಮೂವತ್ತು ಸಿಸ್ಟಮ್ ಕೇಳುತ್ತಿವೆ, ಹೋಸ್ಟ್ ಮಾತ್ರ ಒಂದು ಅನ್ನುತ್ತಿದೆ. ಕಾರಣ ಕ್ಲೋನಿಂಗ್. ಸಿಸ್ಟಮ್ ಸರಬರಾಜು ಮಾಡುವವರು ಒಂದಕ್ಕೆ ಎಲ್ಲ ಹಾಕಿ, ಅದರ ಇಮೇಜನ್ನು (ಡಿಸ್ಕಿನ ಪೂರ್ತಿ ಪ್ರತಿಯನ್ನು) ಉಳಿದವಕ್ಕೆ ಸುಮ್ನೆ ನಕಲು ಮಾಡಿರುತ್ತಾರೆ. ಹೋಸ್ಟ್ ಪ್ರತಿ ಸಿಸ್ಟಮನ್ನೂ ಗುರುತಿಸುವುದು ಅದರ ಕ್ಲೈಂಟ್ ಮಷೀನ್ ಐಡಿಯಿಂದ, ಅಂದರೆ ಸಿಎಂಐಡಿಯಿಂದ. ನಕಲಿನಲ್ಲಿ ಅದೂ ನಕಲಾಗಿರುತ್ತದೆ. ಹೋಸ್ಟಿನ ಕಣ್ಣಿಗೆ ಮೂವತ್ತೂ ಒಂದೇ ಸಿಸ್ಟಮ್.

ಎರಡು ಸಿಸ್ಟಮ್‌ಗಳಲ್ಲಿ /ಡಿಎಲ್‌ವಿ ಕೊಟ್ಟು ಸಿಎಂಐಡಿ ಸಾಲನ್ನು ಹೋಲಿಸಿ. ಒಂದೇ ಇದ್ದರೆ ರೋಗ ಸಿಕ್ಕಿತು. ಒಂದೊಂದರಲ್ಲೂ ಎಸ್‌ಎಲ್‌ಎಂಜಿಆರ್ /ರಿಆರ್ಮ್ ಕೊಟ್ಟು ರೀಸ್ಟಾರ್ಟ್ ಮಾಡಿದರೆ ಹೊಸ ಐಡಿ ಹುಟ್ಟುತ್ತದೆ. ರಿಆರ್ಮ್‌ಗೂ ಮಿತಿ ಇದೆ, ಬೇಕಾಬಿಟ್ಟಿ ಒತ್ತಬೇಡಿ. ಮುಂದಿನ ಸಲ ಇಮೇಜ್ ಮಾಡುವಾಗ ವಿಂಡೋಸ್‌ನದೇ ಟೂಲ್ ಆದ ಸಿಸ್‌ಪ್ರೆಪ್ ಅನ್ನು ಜನರಲೈಸ್ ಆಯ್ಕೆ ಸಮೇತ ಓಡಿಸಿ ಎಂದು ಖರೀದಿ ಆದೇಶದಲ್ಲೇ ಬರೆಯಿರಿ. ಬಾಯಿ ಮಾತಿಗೆ ಯಾರೂ ಮಾಡುವುದಿಲ್ಲ.

ಎಣಿಕೆ ಇಳಿಯುವುದೂ ಉಂಟು. 30 ದಿನ ಹೋಸ್ಟಿನ ಕಡೆ ಬಾರದ ಸಿಸ್ಟಮನ್ನು ಅದು ಮರೆಯುತ್ತದೆ. ಬೇಸಿಗೆ ರಜೆಯಲ್ಲಿ ಕಾಲೇಜಿನ ಲ್ಯಾಬ್ ಬಾಗಿಲು ಹಾಕಿದರೆ ಜೂನಿನಲ್ಲಿ ಎಣಿಕೆ 25ಕ್ಕಿಂತ ಕೆಳಗಿರುತ್ತದೆ. ಆಗಲೇ ಆಕ್ಟಿವೇಟ್ ಆದವು 180 ದಿನದ ಬಲದಲ್ಲಿ ನಡೆಯುತ್ತವೆ, ಹೊಸದಾಗಿ ಹಾಕಿದ್ದಕ್ಕೆ ಮಾತ್ರ ಸಿಗುವುದಿಲ್ಲ. ಲ್ಯಾಬಿನ ಎಲ್ಲ ಸಿಸ್ಟಮ್ ಒಂದು ದಿನ ಆನ್ ಮಾಡಿಟ್ಟರೆ ಸರಿಹೋಗುತ್ತದೆ.

ಗಡಿಯಾರ ಮತ್ತು ಉಳಿದ ತಕರಾರು

ಕೋಡಿನ ಕೊನೆ ಎಫ್06ಸಿ ಎಂದು ಬಂದರೆ ಸಿಸ್ಟಮ್ಮಿನ ಸಮಯ ಹೋಸ್ಟಿನ ಸಮಯಕ್ಕೆ ಹೊಂದುತ್ತಿಲ್ಲ. ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿರುತ್ತದೆ. ಕರೆಂಟ್ ಹೋಗಿ ಬಂದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಸಮಯವನ್ನು ಕೈಯಿಂದ ತಿದ್ದಿ ಕೂರಬೇಡಿ, ನಾಳೆ ಮತ್ತೆ ಅದೇ ಕಥೆ. ಸೆಲ್ ಬದಲಿಸಿ. ಟೈಮ್ ಝೋನ್ ಕೂಡ ಭಾರತದ್ದೇ ಇದೆಯಾ ನೋಡಿ.

ಕೊನೆ ಎಫ್074 ಆದರೆ ಹೋಸ್ಟ್ ಸಿಗುತ್ತಿಲ್ಲ: ಫೈರ್‌ವಾಲ್, ಕೇಬಲ್, ಹೋಸ್ಟ್ ಆಫ್ ಆಗಿರುವುದು, ಈ ಕ್ರಮದಲ್ಲಿ ನೋಡಿ. ಕೊನೆ 232ಬಿ ಆದರೆ ಡಿಎನ್‌ಎಸ್ ದಾಖಲೆ ಇಲ್ಲ. ಹೋಸ್ಟಿನ ಈವೆಂಟ್ ವ್ಯೂವರಿನಲ್ಲಿ ‘ಕೀ ಮ್ಯಾನೇಜ್‌ಮೆಂಟ್ ಸರ್ವೀಸ್’ ಲಾಗ್ ತೆರೆದರೆ 12290ನೇ ಈವೆಂಟ್‌ಗಳಲ್ಲಿ ಯಾವ ಸಿಸ್ಟಮ್ ಯಾವಾಗ ಬಂದು ಕೇಳಿತು ಎಂದು ಸಿಗುತ್ತದೆ. ಸಿಸ್ಟಮ್ ಕೋರಿಕೆ ಕಳಿಸಿದೆ, ಲಾಗಿನಲ್ಲಿ ಅದರ ಹೆಸರಿಲ್ಲ ಅಂದರೆ ತೊಂದರೆ ಇರುವುದು ಸಿಸ್ಟಮ್ಮಿನಿಂದ ಹೋಸ್ಟಿಗೆ ಹೋಗುವ ದಾರಿಯಲ್ಲಿ.

ಶಾಖೆಗಳು, ಹಳೆ ಹೋಸ್ಟ್

ಸೇಡಂ, ಆಳಂದದ ಶಾಖೆಗಳು ಮುಖ್ಯ ಕಚೇರಿಗೆ ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ಜೋಡಣೆ) ಮೂಲಕ ಸೇರಿದ್ದರೆ ಇದೇ ಹೋಸ್ಟ್ ಸಾಕು. ಶಾಖೆಯ ಡಿಎನ್‌ಎಸ್ ಬೇರೆ ಇದ್ದರೆ ಆ ಸಿಸ್ಟಮ್‌ಗಳಲ್ಲಿ ಎಸ್‌ಎಲ್‌ಎಂಜಿಆರ್ /ಎಸ್‌ಕೆಎಂಎಸ್ ಬರೆದು ಹೋಸ್ಟಿನ ಹೆಸರು, ಕೋಲನ್, 1688 ಕೊಡಿ. ಐಪಿ ಬದಲು ಹೆಸರು ಕೊಟ್ಟರೆ ಮುಂದೆ ಸರ್ವರ್ ಬದಲಿಸುವಾಗ ಕಷ್ಟ ಕಡಿಮೆ. ವಿಪಿಎನ್ ಇಲ್ಲದ ಐದಾರು ಸಿಸ್ಟಮ್ಮಿನ ಶಾಖೆಗೆ ಮ್ಯಾಕ್ ಹಾಕಿ ಬಿಡಿ. ಹಳ್ಳಿ ಸುತ್ತುವ ಸಿಬ್ಬಂದಿಯ ಲ್ಯಾಪ್‌ಟಾಪ್‌ಗಳು 180 ದಿನದೊಳಗೆ ಒಮ್ಮೆ ಕಚೇರಿ ನೆಟ್‌ವರ್ಕಿಗೆ ಸೇರಿದರೆ ಸಾಕು. ತಿಂಗಳ ಸಭೆಗೆ ಬಂದಾಗ ಅರ್ಧ ದಿನ ವೈಫೈಗೆ ಸೇರಿಸಿ ಇಡಲು ಹೇಳಿ.

ಹೋಸ್ಟ್ ಬದಲಿಸುವ ದಿನವನ್ನು ತೊಗರಿ ಸುಗ್ಗಿಗೋ ಮಾರ್ಚ್ ಕೊನೆಗೋ ಇಟ್ಟುಕೊಳ್ಳಬೇಡಿ. ಮೊದಲು ಹೊಸ ಹೋಸ್ಟ್ ಕೂರಿಸಿ, ಅದರ ಎಣಿಕೆ 25 ದಾಟುವವರೆಗೆ ಹಳೆಯದನ್ನೂ ಓಡಲು ಬಿಡಿ. ಎಣಿಕೆ ಬೇಗ ಏರಬೇಕೆಂದರೆ 25 ಸಿಸ್ಟಮ್‌ಗಳನ್ನು /ಎಸ್‌ಕೆಎಂಎಸ್‌ನಿಂದ ಹೊಸದರ ಕಡೆ ತಿರುಗಿಸಿ. ಆಮೇಲೆ /ಸಿಕೆಎಂಎಸ್ ಕೊಟ್ಟರೆ ಅವು ಮತ್ತೆ ಡಿಎನ್‌ಎಸ್ ನೋಡುತ್ತವೆ. ಹಳೆ ಹೋಸ್ಟಿನಿಂದ /ಯುಪಿಕೆ ಕೊಟ್ಟು ಹೋಸ್ಟ್ ಕೀ ತೆಗೆಯಿರಿ. ಅದರ ಎಸ್‌ಆರ್‌ವಿ ದಾಖಲೆಯನ್ನು ಡಿಎನ್‌ಎಸ್‌ನಿಂದ ಕೈಯಾರೆ ಅಳಿಸಿ. ಅದು ಉಳಿದರೆ ಸಿಸ್ಟಮ್‌ಗಳು ಇಲ್ಲದ ಸರ್ವರನ್ನೇ ಹುಡುಕಿಕೊಂಡು ಹೋಗಿ ಆಗಾಗ ಎಫ್074 ಅನ್ನುತ್ತಿರುತ್ತವೆ.